ಎಣ್ಣೆ ಕಾಯಿಸುವವಳ ಬೈತಲೆ

ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದು ನನಗೆ ಅತ್ತೆಯಿಂದ ಬಂದ ಕೆಲಸ. ಗದ್ದೆ ಬದುವಿನ ಗರುಗದ ಸೊಪ್ಪು, ಒಂದೆಲಗ, ಕರಿಬೇವು, ನೆಲ್ಲಿಕಾಯಿ ಅರೆದು ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಹದ ನೋಡಲು ಬತ್ತಿಯೊಂದನ್ನು ಅದ್ದಿ ಹೊತ್ತಿಸಬೇಕು. ಚಟಪಟ ಅಂದರೆ ನೀರಿನಂಶ ಇನ್ನೂ ಇದೆ, ಸದ್ದಿಲ್ಲದೆ ಉರಿದರೆ ಇಳಿಸಬಹುದು. ನೀರು ಉಳಿದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ.

ನನ್ನ ಎಣ್ಣೆಗೆ ಹೆಸರು ಬಂದದ್ದು ಮಗಳಿಂದ. ಅವಳಿಗೆ ಡೆಂಗಿ ಬಂದು ವಾಸಿಯಾಗಿ ಎರಡೂವರೆ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರತೊಡಗಿತು. ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತಿತ್ತು. ವಾರಕ್ಕೆರಡು ಸಲ ಎಣ್ಣೆ ತಿಕ್ಕಿ, ದಾಸವಾಳದ ಸೊಪ್ಪಿನ ಗೊಂಪು ಹಾಕಿ ಮೀಯಿಸಿದೆ. ಐದು ತಿಂಗಳಾಗುವಾಗ ಹಣೆಯ ಮೇಲೆ ಎಳೆಗೂದಲು ನಿಂತಿತು. ಸಾಗರದ ನೆಂಟರಿಂದ ಹಿಡಿದು ಬೆಂಗಳೂರಿನ ಓರಗಿತ್ತಿಯವರೆಗೆ ಎಲ್ಲರೂ ಬಾಟಲಿ ಒಯ್ದರು. ನಾನೂ ಉಬ್ಬಿದೆ.

ಮುಂದೆ ನಲವತ್ನಾಲ್ಕಕ್ಕೆ ನನ್ನದೇ ಬೈತಲೆ ಅಗಲವಾಗತೊಡಗಿತು. ಹಿಡಿಹಿಡಿಯಾಗಿ ಉದುರಲಿಲ್ಲ, ಅದೇ ವಿಚಿತ್ರ. ಬಾಚಣಿಗೆಯಲ್ಲಿ ಎಂದಿನಷ್ಟೇ ಕೂದಲು, ಆದರೆ ನೆತ್ತಿಯ ಚರ್ಮ ಕಾಣುತ್ತಿದೆ. ಒಂದೂವರೆ ವರ್ಷ ಅದೇ ಎಣ್ಣೆ ಹಚ್ಚಿದೆ. ಇದ್ದ ಕೂದಲು ಮಿರಮಿರ ಮಿಂಚಿತು, ಬೈತಲೆ ಮಾತ್ರ ಇನ್ನಷ್ಟು ಬಿಚ್ಚಿಕೊಂಡಿತು. ಎಣ್ಣೆ ಕೊಡುವವಳ ನೆತ್ತಿಯೇ ಹೀಗಾದರೆ! ಬೈತಲೆ ಪಕ್ಕಕ್ಕೆ ಸರಿಸಿದೆ, ಸೇವಂತಿಗೆ ಮುಡಿದು ಮುಚ್ಚಿದೆ.

ಕೊನೆಗೆ ಮಗಳೇ ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ದೀಪವಿರುವ ಭೂತಗನ್ನಡಿ ಇಟ್ಟು ನೋಡಿದರು. ಥೈರಾಯ್ಡ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ) ಪರೀಕ್ಷೆ ಬರೆದರು. "ನೋಡಿ ಅಮ್ಮ, ದಪ್ಪ ಕೂದಲ ನಡುವೆ ನೂಲಿನಂಥವು ಬೆರೆತಿವೆ. ಕೂದಲ ಬುಡವೇ ಸಣ್ಣದಾಗುತ್ತಿದೆ. ಇದು ವಂಶದ್ದು" ಅಂದರು. ಮಗಳದ್ದು ಬೇರೆಯಂತೆ: ಜ್ವರದ ಹೊಡೆತಕ್ಕೆ ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳಿಗೆ ಉದುರುತ್ತವೆ. ಹೆರಿಗೆಯಾದವರಿಗೂ ಹಾಗೆಯೇ. ಸಾಮಾನ್ಯವಾಗಿ ತಾನಾಗಿಯೇ ವಾಪಸು ಬರುತ್ತದೆ.

"ಹಾಗಾದರೆ ನನ್ನ ಎಣ್ಣೆ?"

"ಹಚ್ಚದಿದ್ದರೂ ಬರುತ್ತಿತ್ತು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗಳ ಜೊತೆ ಮಾತಾಡಲಿಲ್ಲ.

ಡಾಕ್ಟರು ನನಗೆ ಬರೆದುಕೊಟ್ಟದ್ದು ಮಿನಾಕ್ಸಿಡಿಲ್ 5%, ರಾತ್ರಿ 1 ಎಂ.ಎಲ್. ಇದು ಮೊದಲು ಬಿ.ಪಿ. ಮಾತ್ರೆಯಾಗಿತ್ತು, ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದದ್ದರಿಂದ ತಲೆಗೆ ಹಚ್ಚುವ ಔಷಧವಾಯಿತು. ನಾನು ಮಾಡಿದ ಮೊದಲ ತಪ್ಪು, ಎಣ್ಣೆ ಹಚ್ಚಿದ ತಲೆಗೇ ಅದನ್ನು ಬಿಟ್ಟದ್ದು. ಜಿಡ್ಡಿನ ಮೇಲೆ ಅದು ಜಾರುತ್ತದೆ. ಒಣಗಿದ ಬುರುಡೆಗೆ, ಬೈತಲೆ ಬಿಡಿಸಿ ಹನಿ ಹನಿಯಾಗಿ ಬಿಡಬೇಕು. ಎರಡನೆಯದು, ಮೂರನೇ ವಾರ ಕೂದಲು ಮೊದಲಿಗಿಂತ ಹೆಚ್ಚು ಉದುರಿದಾಗ ಹೆದರಿ ನಾಲ್ಕು ದಿನ ಬಿಟ್ಟದ್ದು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುವ ಉದುರುವಿಕೆ ಅದು, ಎಂದು ಡಾಕ್ಟರು ಫೋನಿನಲ್ಲಿ ಸಮಾಧಾನ ಹೇಳಿದರು. ನಮ್ಮ ಬೆಕ್ಕು ದಿಂಬಿನ ಮೇಲೆ ಮಲಗುವುದನ್ನೂ ತಪ್ಪಿಸಬೇಕಾಯಿತು. ಈ ಔಷಧ ನೆಕ್ಕಿದರೆ ಬೆಕ್ಕಿನ ಜೀವಕ್ಕೇ ಅಪಾಯ.

ಪ್ರತಿ ತಿಂಗಳು ಜಗಲಿಯ ಅದೇ ಕಂಬದ ಹತ್ತಿರ, ಅದೇ ಹೊತ್ತಿನಲ್ಲಿ ಮಗಳು ನೆತ್ತಿಯ ಫೋಟೊ ತೆಗೆದಳು. ನಾಲ್ಕರವರೆಗೆ ಏನೂ ಇಲ್ಲ. ಏಳನೆಯದರಲ್ಲಿ ಬೈತಲೆ ಕಿರಿದಾಗಿತ್ತು. ಇಪ್ಪತ್ತರ ಪ್ರಾಯದ ಜಡೆ ಬರಲಿಲ್ಲ. ಕೆನ್ನೆಯ ಮೇಲೆ ಬೇಡದ ರೋಮ ಬಂತು. ಔಷಧ ಬಿಟ್ಟರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ, ಹಾಗಾಗಿ ಇದು ನಿತ್ಯದ ಕಟ್ಟಳೆ.

ರೋಸ್ಮರಿ ಎಣ್ಣೆ ಸಾಕಲ್ಲ ಎನ್ನುವವರಿದ್ದಾರೆ. 2015ರಲ್ಲಿ ಇರಾನಿನಲ್ಲಿ 100 ಜನರ ಮೇಲೆ ಆರು ತಿಂಗಳು ನಡೆದ ಪ್ರಯೋಗದಲ್ಲಿ ಅದು ಮಿನಾಕ್ಸಿಡಿಲಿಗೆ ಸಮವಾಯಿತು ನಿಜ, ಆದರೆ 2%ಕ್ಕೆ. ಏನೂ ಹಚ್ಚದ ಗುಂಪೊಂದು ಅದರಲ್ಲಿ ಇರಲಿಲ್ಲ. ಮಗಳ ಕಥೆ ಆದ ಮೇಲೆ ನಾನು ಮೊದಲು ಹುಡುಕುವುದು ಆ ಗುಂಪನ್ನೇ.

ಎಣ್ಣೆ ಕಾಯಿಸುವುದನ್ನು ಬಿಟ್ಟಿಲ್ಲ. ಭಾನುವಾರ ಮೀಯುವ ಮುಂಚೆ ಹಚ್ಚುತ್ತೇನೆ; ಕೂದಲು ಒರಟಾಗುವುದಿಲ್ಲ, ಸಿಕ್ಕು ಕಟ್ಟುವುದಿಲ್ಲ, ತಲೆ ತಂಪಾಗಿ ನಿದ್ದೆ ಬರುತ್ತದೆ. ಮೊನ್ನೆ ಪಕ್ಕದ ಮನೆಯ ಸೊಸೆ ಬಾಟಲಿ ಕೇಳಲು ಬಂದಳು. "ಬಾ, ಬೆಳಕಿಗೆ ಕೂತು ಮೊದಲು ಬೈತಲೆ ತೋರಿಸು" ಅಂದೆ.