ಒಪ್ಲೆನಾಟ್ಸ್ ನೆಲಮಾಳಿಗೆಯಲ್ಲಿ ರಾಜಕುಮಾರ ಪಾವ್ಲೆಯ ಸಮಾಧಿಯನ್ನು ನೋಡುವ ಬಗೆ

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಿಂದ ಸುಮಾರು 80 ಕಿಲೋಮೀಟರ್ ದೂರದ ಟೋಪೊಲಾದಲ್ಲಿ, ಒಪ್ಲೆನಾಟ್ಸ್ ಗುಡ್ಡದ ಮೇಲೆ ಬಿಳಿ ಅಮೃತಶಿಲೆಯ ಸಂತ ಜಾರ್ಜ್ ಚರ್ಚ್ ಇದೆ. ಕರಾಜೋರ್ಜೆವಿಚ್ ರಾಜಮನೆತನದವರ ಸಮಾಧಿಗಳಿರುವುದು ಇಲ್ಲಿಯೇ; ಎರಡನೆಯ ಮಹಾಯುದ್ಧದ ಹೊತ್ತಿಗೆ ಯುಗೊಸ್ಲಾವಿಯದ ಆಡಳಿತ ನಡೆಸುತ್ತಿದ್ದ ಈ ಮನೆತನದ ರಾಜಕುಮಾರ ಪಾವ್ಲೆಯ ಸಮಾಧಿ ಇದರ ನೆಲಮಾಳಿಗೆಯಲ್ಲಿದೆ. ಅರ್ಧ ದಿನವನ್ನಾದರೂ ಮೀಸಲಿಡಿ, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಿ.

ನೇರವಾಗಿ ನೆಲಮಾಳಿಗೆಗೆ ಇಳಿಯಬೇಡಿ. ಮನೆತನದ ಮೂಲಪುರುಷ ಕರಾಜೋರ್ಜೆ ಹಾಗೂ ಚರ್ಚನ್ನು ಕಟ್ಟಿಸಿದ ದೊರೆ ಒಂದನೆಯ ಪೀಟರ್ ಇಬ್ಬರ ಸಮಾಧಿಗಳು ಮೇಲಿನ ಅಂತಸ್ತಿನಲ್ಲಿವೆ. ಮೊದಲು ಅವುಗಳನ್ನು ನೋಡಿದರೆ ಕೆಳಗಿನ ಹೆಸರುಗಳ ನಂಟು ತಿಳಿಯುತ್ತದೆ. ಗೋಡೆಗಳ ಮೊಸಾಯಿಕ್ ಚಿತ್ರಗಳ ಹತ್ತಿರ ನಿಂತು ನೋಡಿ: ದೂರದಿಂದ ಸಂತನ ಕೆನ್ನೆಯಾಗಿ ಕಂಡದ್ದು ಹತ್ತಿರದಲ್ಲಿ ಬಣ್ಣ ಬಣ್ಣದ ಗಾಜಿನ ಚೂರುಗಳಾಗುತ್ತದೆ. ಸರ್ಬಿಯಾದ ಮಧ್ಯಯುಗದ ಮಠಗಳ ಭಿತ್ತಿಚಿತ್ರಗಳನ್ನೇ ಇಲ್ಲಿ ಗಾಜಿನಲ್ಲಿ ಮತ್ತೆ ಮೂಡಿಸಲಾಗಿದೆ.

ಕೆಳಗಿಳಿದ ಮೇಲೆ ಪಾವ್ಲೆಯ ಹೆಸರನ್ನು ಗುರುತಿಸಲು ಸರ್ಬಿಯನ್ ಭಾಷೆಯನ್ನು ಬರೆಯುವ ಸಿರಿಲಿಕ್ ಲಿಪಿಯ ಎರಡು ಅಕ್ಷರಗಳು ನೆನಪಿದ್ದರೆ ಸಾಕು. ಬಾಗಿಲ ಚೌಕಟ್ಟಿನಂತೆ ಕಾಣುವುದು ‘ಪ’ಕಾರ. ಪೀಟರನ ಸರ್ಬಿಯನ್ ಹೆಸರಾದ ಪೆತಾರ್ ಕೂಡ ಅದರಿಂದಲೇ ಆರಂಭವಾಗುವುದರಿಂದ ಎರಡನೆಯ ಅಕ್ಷರವನ್ನು ಗಮನಿಸಿ. ಅದು ಎರಡು ಇಳಿಜಾರಿನ ಮಾಡಿನ ಆಕಾರದಲ್ಲಿದ್ದರೆ ನೀವು ಓದುತ್ತಿರುವುದು ಪಾವ್ಲೆ.

ಇಲ್ಲಿ ಅವಸರ ಮಾಡದೆ ನಿಂತು ಇಸವಿಗಳನ್ನು ಜೋಡಿಸಿಕೊಳ್ಳಿ. 1934ರ ಅಕ್ಟೋಬರ್ 9ರಂದು ಫ್ರಾನ್ಸಿನ ಮಾರ್ಸೇಯಲ್ಲಿ ಯುಗೊಸ್ಲಾವಿಯದ ದೊರೆ, ಒಂದನೆಯ ಪೀಟರನ ಮಗ ಅಲೆಕ್ಸಾಂಡರನ ಹತ್ಯೆಯಾದಾಗ ಅವನ ಮಗ ಎರಡನೆಯ ಪೀಟರನಿಗೆ ಹನ್ನೊಂದೇ ವರ್ಷ. ಅಲೆಕ್ಸಾಂಡರನ ಚಿಕ್ಕಪ್ಪನ ಮಗನಾದ ಪಾವ್ಲೆ ರೀಜೆಂಟನಾಗಿ, ಅಂದರೆ ಬಾಲದೊರೆಯ ಪರವಾಗಿ ಆಳುವವನಾಗಿ, ಸರ್ಬಿಯಾವೂ ಸೇರಿದ್ದ ಅಂದಿನ ಯುಗೊಸ್ಲಾವಿಯದ ಆಡಳಿತದ ಹೊಣೆ ಹೊತ್ತನು. 1941ರ ಮಾರ್ಚ್ 25ರಂದು ಅವನ ಸರ್ಕಾರ ಜರ್ಮನಿಯ ಕೂಟ ಸೇರುವ ಒಪ್ಪಂದಕ್ಕೆ ಸಹಿ ಹಾಕಿತು. ಎರಡೇ ದಿನಗಳಲ್ಲಿ ಸೇನಾಧಿಕಾರಿಗಳು ಅಧಿಕಾರ ಕಸಿದುಕೊಂಡರು. ಬ್ರಿಟಿಷರು ಪಾವ್ಲೆಯನ್ನು ಕೀನ್ಯಾದಲ್ಲಿ ಬಂಧನದಲ್ಲಿಟ್ಟರು, ಯುದ್ಧದ ನಂತರದ ಕಮ್ಯುನಿಸ್ಟ್ ಆಡಳಿತ ಯುದ್ಧಾಪರಾಧಿಯೆಂದು ಸಾರಿತು. 1976ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ ಅವನನ್ನು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಮಣ್ಣು ಮಾಡಲಾಯಿತು. 2011ರಲ್ಲಿ ಸರ್ಬಿಯಾದ ನ್ಯಾಯಾಲಯ ಆ ಕಳಂಕವನ್ನು ತೊಡೆದುಹಾಕಿದ ಬಳಿಕ, 2012ರ ಅಕ್ಟೋಬರಿನಲ್ಲಿ ಅವನ ಅವಶೇಷಗಳನ್ನು ಇಲ್ಲಿಗೆ ತಂದು ಸಮಾಧಿ ಮಾಡಲಾಯಿತು.

ಆ ಒಪ್ಪಂದದ ಬಗ್ಗೆ ನಿಮ್ಮ ತೀರ್ಪು ಏನೇ ಇರಲಿ, ಒಂಟಿ ಸಮಾಧಿಯೆಂದು ಭಾವಿಸಿ ಹೊರಡಬೇಡಿ. ಅದೇ ದಿನ ಅವನ ಜೊತೆಗೆ ಪತ್ನಿ ಓಲ್ಗಾ ಮತ್ತು 1954ರಲ್ಲಿ ಇಂಗ್ಲೆಂಡಿನ ಕಾರು ಅಪಘಾತದಲ್ಲಿ ಮಡಿದ ಮಗ ನಿಕೋಲಾನನ್ನೂ ಇಲ್ಲಿ ಸಮಾಧಿ ಮಾಡಲಾಯಿತು. ಆ ಎರಡು ಹೆಸರುಗಳನ್ನೂ ಹುಡುಕಿ ಓದಿ.