ಏರ್ ಪಿಸ್ತೂಲಿನ ಟ್ರಿಗರ್: ತೂಕದ ಸ್ಕ್ರೂ ಕೊನೆಗೆ

10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ತೂಕ, ಅಂದರೆ ಟ್ರಿಗರ್ ಎಳೆಯಲು ಬೇಕಾಗುವ ಬಲ, 500 ಗ್ರಾಂಗಿಂತ ಕಡಿಮೆ ಇರಕೂಡದು ಎನ್ನುವುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮ. ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಶೂಟಿಂಗ್ ಹಿಡಿದವರು ಮೊದಲು ಕೈ ಹಾಕುವುದು ತೂಕದ ಸ್ಕ್ರೂಗೇ. ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ. ಟ್ರಿಗರ್ ಚಲಿಸುವ ದೂರ ಬದಲಾದರೆ ಸ್ಪ್ರಿಂಗಿನ ಬಿಗಿಯೂ ಬದಲಾಗುತ್ತದೆ, ಮೊದಲು ತೂಗಿದ್ದೆಲ್ಲ ದಂಡ.

ಪೆಲೆಟ್ (ಸೀಸದ ಸಣ್ಣ ಗುಂಡು) ಡಬ್ಬಿ ಬೇರೆ ಕೋಣೆಯಲ್ಲಿರಲಿ. ಬ್ಯಾರೆಲ್ ಖಾಲಿ ಇದೆಯೆಂದು ಕಣ್ಣಾರೆ ನೋಡಿ, ಅದರ ಮುಖ ಗುಂಡು ಹಿಡಿಯುವ ಪೆಟ್ಟಿಗೆಯಾದ ಪೆಲೆಟ್ ಟ್ರ್ಯಾಪಿನ ಕಡೆಗೇ ಇರುವಂತೆ ಕೂರಬೇಕು. ಪ್ರತಿ ಸ್ಕ್ರೂವಿನ ಈಗಿನ ಜಾಗಕ್ಕೆ ಬಿಳಿ ಪೇಂಟಿನ ಗುರುತು ಹಾಕಿ, ತಿರುಗಿಸಿದ್ದನ್ನು ಕಾಲು ಸುತ್ತಿನ ಲೆಕ್ಕದಲ್ಲಿ ಬರೆದಿಡಬೇಕು.

ಮೊದಲು ಟ್ರಿಗರ್ ಬ್ಲೇಡಿನ, ಅಂದರೆ ಬೆರಳಿಡುವ ಪಟ್ಟಿಯ ಜಾಗ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಬ್ಲೇಡಿನ ನಡುವೆ ಕೂತು, ನೇರ ಹಿಂದಕ್ಕೆ ಎಳೆಯಬೇಕು. ಬೆರಳಿನ ಉಳಿದ ಭಾಗ ಗ್ರಿಪ್ಪಿಗೆ ತಾಗಕೂಡದು, ತಾಗಿದರೆ ಗುಂಡು ಅಡ್ಡಕ್ಕೆ ಸರಿಯುತ್ತದೆ. ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ.

ಆಮೇಲೆ ಸಿಯರ್, ಅಂದರೆ ಟ್ರಿಗರ್ ಎಳೆಯುವವರೆಗೆ ಪಿಸ್ತೂಲು ಬಿಟ್ಟುಕೊಳ್ಳದಂತೆ ಹಿಡಿದಿಡುವ ಕೊಂಡಿ. ಟ್ರಿಗರಿನ ಹದ ಇರುವುದೇ ಇಲ್ಲಿ. ಟ್ರಿಗರ್ ಎಳೆತದ ಮೊದಲ ಹಂತ, ಫಸ್ಟ್ ಸ್ಟೇಜ್, ಮುಗಿದು ಬೆರಳು ಗೋಡೆಗೆ ತಾಗಿದಂತೆ ನಿಲ್ಲಬೇಕು, ಮುಂದೆ ಜಾರದೆ ಒಮ್ಮೆಲೆ ಬಿಡುಗಡೆಯಾಗಬೇಕು. ಗೋಡೆ ದಾಟಿದ ಮೇಲೂ ಟ್ರಿಗರ್ ತೆವಳುತ್ತಿದ್ದರೆ ಸಿಯರಿನ ಹಿಡಿತ ಜಾಸ್ತಿ ಎಂದರ್ಥ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮತ್ತೆ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವುದು) ಮಾಡಿ ನೋಡುತ್ತೇನೆ. ಹಿಡಿತ ಅತಿ ಕಡಿಮೆಯಾದರೆ ಗೋಡೆಯೇ ಸಿಗುವುದಿಲ್ಲ, ಪಿಸ್ತೂಲು ತಾನಾಗಿಯೇ ಬಿಟ್ಟುಕೊಳ್ಳಬಹುದು. ಕಾಕ್ ಮಾಡಿ (ಹಾರಿಸಲು ಸಜ್ಜು ಮಾಡಿ), ಟ್ರಿಗರ್ ಮುಟ್ಟದೆ ಗ್ರಿಪ್ಪಿನ ಬುಡವನ್ನು ಅಂಗೈಯಿಂದ ತಟ್ಟಿದಾಗ ಬಿಟ್ಟುಕೊಂಡರೆ ಹಿಡಿತ ಹೆಚ್ಚಿಸಲೇಬೇಕು. ಇದರಲ್ಲಿ ರಾಜಿ ಇಲ್ಲ. ಸಿಯರನ್ನು ಅರದಿಂದ ಉಜ್ಜುವ ಕೆಲಸವನ್ನಂತೂ ಯಾರೂ ಮಾಡಕೂಡದು. ಮೊರಿನಿ ಸಿಎಂ 162 ಇಐನಂಥ ಎಲೆಕ್ಟ್ರಾನಿಕ್ ಟ್ರಿಗರಿನ ದಾರಿಯೇ ಬೇರೆ.

ಇನ್ನು ಟ್ರಿಗರ್ ಸ್ಟಾಪ್, ಬಿಡುಗಡೆಯಾದ ಮೇಲೆ ಟ್ರಿಗರ್ ಮುಂದೆ ಹೋಗದಂತೆ ತಡೆಯುವ ಸ್ಕ್ರೂ. ಪಿಸ್ತೂಲು ಬಿಡುಗಡೆಯೇ ಆಗದಷ್ಟು ಒಳಕ್ಕೆ ತಿರುಗಿಸಿ, ಅಲ್ಲಿಂದ ಬಿಡುಗಡೆಯಾಗುವವರೆಗೆ ಹಿಂದೆ ಬಂದು, ಇನ್ನೂ ಕಾಲು ಸುತ್ತು ಸಡಿಲ ಬಿಡುತ್ತೇನೆ. ಪೂರ್ತಿ ಬಿಗಿ ಇಟ್ಟರೆ ಸಿಯರ್ ಉಜ್ಜಿಕೊಂಡು ಹೊರಬರುತ್ತದೆ. ಬೇಸಿಗೆಯಲ್ಲಿ ಎರಿ ಮಣ್ಣಿನ ಧೂಳು ಒಂದಿಷ್ಟು ಹೊಕ್ಕರೂ ಟ್ರಿಗರ್ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಎಣ್ಣೆಯೂ ಸೂಜಿಮೊನೆಯಷ್ಟು ಸಾಕು. ಹೆಚ್ಚಾದರೆ ಧೂಳು ಕೂಡಿ ಅಂಟಾಗುತ್ತದೆ.

ಈಗ ತೂಕ. ಮುದ್ರೆಯಿರುವ ಅರ್ಧ ಕಿಲೋ ಕಲ್ಲಿಗೆ ತಂತಿಯ ಕೊಕ್ಕೆ ಕಟ್ಟಿ, ಎರಡನ್ನೂ ಸೇರಿಸಿ ಬಂಗಾರದಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ಮನೆಯಲ್ಲೇ ಪರೀಕ್ಷೆಗೆ ಸಾಧನ ಸಿಕ್ಕಂತೆ. ಫಸ್ಟ್ ಸ್ಟೇಜಿಗೆ 380, ಸೆಕೆಂಡ್ ಸ್ಟೇಜಿಗೆ 140, ಒಟ್ಟು 520 ಗ್ರಾಂ ಸುತ್ತ ನನಗೆ ಹೊಂದುತ್ತದೆ. ಭಾರದ ಬಹುಪಾಲು ಮೊದಲ ಹಂತದಲ್ಲೇ ಬೆರಳಿಗೆ ಬಂದಿರುವುದರಿಂದ, ಕೊನೆಗೆ ಸೇರಿಸುವ ಒತ್ತಡ ಅಲ್ಪ; ಮುಂದಿನ ಸೈಟ್ ಅಲುಗುವುದಿಲ್ಲ. ಹೊಸಬರಿಗೆ ಸೆಕೆಂಡ್ ಸ್ಟೇಜ್ ಇನ್ನೂ ಸ್ವಲ್ಪ ಭಾರವಿದ್ದರೆ ಗೋಡೆ ಚೆನ್ನಾಗಿ ತಿಳಿಯುತ್ತದೆ.

ಗಾಳಿ ತುಂಬಿದ ಸಿಲಿಂಡರ್ ಹಾಕಿ, ಕಾಕ್ ಮಾಡಿ, ಬ್ಯಾರೆಲ್ ನೆಟ್ಟಗೆ ಮೇಲೆ ಮಾಡಿ, ಕೊಕ್ಕೆಯನ್ನು ಬ್ಲೇಡಿನ ನಡುವೆ ಸಿಕ್ಕಿಸಿ ಪಿಸ್ತೂಲನ್ನು ನಿಧಾನ ಎತ್ತಬೇಕು. ಪಿಸ್ತೂಲು ಬಿಟ್ಟುಕೊಳ್ಳದೆ ಕಲ್ಲು ಎದ್ದರೆ ಪಾಸು. ಕೊಕ್ಕೆ ಬ್ಲೇಡಿನ ತುದಿಗೆ ಜಾರಿದರೆ ಅಳತೆ ತಪ್ಪುತ್ತದೆ. 505 ಗ್ರಾಂಗೆ ಇಟ್ಟುಕೊಂಡವರು ಮ್ಯಾಚಿನಲ್ಲಿ ಪಿಸ್ತೂಲು ಪರೀಕ್ಷಿಸುವ ಕಂಟ್ರೋಲ್ ಟೇಬಲ್ಲಿನಲ್ಲಿ ತೊಂದರೆಗೆ ಸಿಗುತ್ತಾರೆ, ಅಲ್ಲಿ ಎತ್ತಲು ಸಿಗುವುದು ಮೂರೇ ಅವಕಾಶ.