ಎರಡು ಕಾಲದ ಕಾದಂಬರಿ ಮಜಾ ತಗೊಂಡು ಓದೋದು ಹೇಗೆ

ಒಂದು ಅಧ್ಯಾಯ ಈಗಿಂದು, ಇನ್ನೊಂದು ಅಜ್ಜಿ ಕಾಲದ್ದು ಅಂತ ಹೋಗೋ ಕಾದಂಬರಿನ ತುಮಕೂರು-ಬೆಂಗಳೂರು ಟ್ರೈನಲ್ಲಿ ತುಂಡು ತುಂಡಾಗಿ ಶುರು ಮಾಡ್ಬೇಡಿ, ಭಾನುವಾರ ಅಮಾನಿಕೆರೆ ಹತ್ರ ಕೂತು ಮೊದಲ ಐವತ್ತು ಪುಟ ಒಂದೇ ಸಲ ಮುಗಿಸಿ, ಯಾರು ಯಾರ ಮಗಳು ಅಂತ ತಲೆಗೆ ಕೂರುತ್ತೆ. ಬುಕ್‌ಮಾರ್ಕ್ ಮೇಲೆ ಪೆನ್ಸಿಲಲ್ಲಿ ಇಸವಿ, ಹೆಸರು ಬರ್ಕೊಳ್ಳಿ. ಹಳೇ ಕಾಲದ ಅಧ್ಯಾಯ ಹಾರಿಸ್ಬೇಡಿ ಪ್ಲೀಸ್.

ಕಥೇಲಿ ಒಬ್ಬ ಕಲಾವಿದೆ ಇದ್ದು, ಅವಳ ಚಿತ್ರದ ಮೂಲೆ, ಸಹಿ ಬಗ್ಗೆ ಬರೆದಿದ್ರೆ ಅಲ್ಲಿ ನಿಧಾನ ಮಾಡಿ, ಗುಟ್ಟು ಅಲ್ಲೇ ಇರಬಹುದು. ನಿಜವಾಗ್ಲೂ ಹಂಗಾಗಿದೆ: 17ನೇ ಶತಮಾನದ ಡಚ್ ಕಲಾವಿದೆ ಜುಡಿತ್ ಲೈಸ್ಟರ್ ಬಿಡಿಸಿದ ಚಿತ್ರಗಳು ಅದೇ ಕಾಲದ ಹೆಸರಾಂತ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಹೆಸರಲ್ಲಿ ಮಾರಾಟ ಆಗ್ತಿದ್ವು, 1893ರಲ್ಲಿ ಒಂದು ಚಿತ್ರದಲ್ಲಿ ಅವರ ಜೆ ಎಲ್ ಅಕ್ಷರ, ಜೊತೆಗಿನ ನಕ್ಷತ್ರದ ಗುರುತು ಸಿಕ್ಮೇಲೇ ಸತ್ಯ ಹೊರಗ್ಬಂತು. ಇನ್ನು ಕಥೇಲಿ ಊರಿನ ಗುಟ್ಟು ಇದ್ರೆ, ಹಳೇ ಮಾತು ಬಂದ ತಕ್ಷಣ ಯಾರು ಟಾಪಿಕ್ ಬದಲಿಸ್ತಾರೋ ಅವರ ಮೇಲೆ ಕಣ್ಣಿಡಿ.